ಒಂದು ಮೊರ ತೌಡು

ಪಿಳ್ಳಮ್ಮನವರು ಸಂಜೆ ಕೆಲಸ ಮುಗಿಸಿ ನಮ್ಮ ಓಣಿಗೆ ಕಾಲಿಟ್ಟರೆ ಬೆಕ್ಕುಗಳು ಅವರ ಹಿಂದೆ ಬರುತ್ತಿದ್ದವು. ಹಂಚಿನ ಮೇಲೆ ಮಲಗಿದ್ದ ಬೆಕ್ಕು ಕೂಡ ಇಳಿದು ಬಂದು ಅವರ ಸೀರೆಯ ಅಂಚನ್ನು ಮೂಸುತ್ತಿತ್ತು. ಸೀಗೆಪುಡಿ ಹಾಕಿ ಎಷ್ಟು ಉಜ್ಜಿಕೊಂಡರೂ ಆ ವಾಸನೆ ಹೋಗುತ್ತಿರಲಿಲ್ಲ. ಅದು ಬಿಳಿ ಇಲಿಗಳ ವಾಸನೆ. ಓಣಿಯವರು ಅವರನ್ನು ಇಲಿಮನೆಯ ಪಿಳ್ಳಮ್ಮ ಎಂದೇ ಕರೆಯುತ್ತಿದ್ದರು. ಹಾಗೆ ಕರೆದರೆ ಅವರು ಬೇಸರಪಡುತ್ತಿರಲಿಲ್ಲ. ಸಂತೋಷಪಟ್ಟದ್ದನ್ನೂ ನಾನು ಕಂಡಿಲ್ಲ.

ಇದು ಯುದ್ಧದ ಕಾಲದ ಮಾತು. ಸಾವಿರದ ಒಂಬೈನೂರ ನಲವತ್ತಮೂರು, ನಲವತ್ತನಾಲ್ಕನೆಯ ಇಸವಿ ಇರಬೇಕು. ನಾನು ಹಲಸೂರಿನ ಶಾಲೆಯೊಂದಕ್ಕೆ ಹೊಸದಾಗಿ ಉಪಾಧ್ಯಾಯನಾಗಿ ಬಂದು, ಕೆರೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ಕೋಣೆ ಹಿಡಿದಿದ್ದೆ. ನನ್ನ ಎದುರು ಮನೆ ಪಿಳ್ಳಮ್ಮನವರದು. ಅದಕ್ಕೆ ಒತ್ತಿಕೊಂಡಿದ್ದ ಮನೆ ಅಕ್ತರ್ ಸಾಹೇಬರದು. ಎರಡು ಮನೆಗೂ ನಡುವೆ ಒಂದೇ ಗೋಡೆ. ಓಣಿಯಲ್ಲಿ ಕನ್ನಡ, ತಮಿಳು, ದಖನಿ ಮೂರೂ ನಡೆಯುತ್ತಿದ್ದವು. ಒಂದೇ ಮಾತಿನಲ್ಲಿ ಮೂರೂ ಬರುವುದುಂಟು.

ಪಿಳ್ಳಮ್ಮನವರ ಗಂಡ ಚಿಕ್ಕವೆಂಕಟಪ್ಪ ಎತ್ತಿನ ಗಾಡಿ ಹೊಡೆಯುತ್ತಿದ್ದವರು. ಊರಾಚೆ ವಿಮಾನದ ಕಾರ್ಖಾನೆ ಕಟ್ಟುವಾಗ ಅಲ್ಲಿಗೆ ಕಲ್ಲು, ಮರಳು ಸಾಗಿಸಿ ಒಂದೆರಡು ವರ್ಷ ಚೆನ್ನಾಗಿಯೇ ಇದ್ದರು. ಆಮೇಲೆ ಒಂದು ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಪುಲಿಕೇಶಿನಗರವನ್ನು ಆಗ ಫ್ರೇಜರ್ ಟೌನ್ ಎನ್ನುತ್ತಿದ್ದರು. ಅಲ್ಲಿಯ ಒಂದು ಹಳೆಯ ಬಂಗಲೆಯಲ್ಲಿ ಸಣ್ಣದೊಂದು ಪ್ರಯೋಗಶಾಲೆಯಿತ್ತು. ಸೈನಿಕರಿಗೆ ಹೋಗುವ ಕೆಲವು ಔಷಧಗಳನ್ನು ಅಲ್ಲಿ ಮೊದಲು ಇಲಿಗಳಿಗೆ ಕೊಟ್ಟು ನೋಡುತ್ತಿದ್ದರು. ಅಕ್ತರ್ ಸಾಹೇಬರು ಅಲ್ಲಿ ಸೀಸೆ ತೊಳೆಯುವ ಕೆಲಸದಲ್ಲಿದ್ದರು. ಅವರೇ ಹೇಳಿ ಪಿಳ್ಳಮ್ಮನವರಿಗೆ ಇಲಿಮನೆಯ ಕೆಲಸ ಕೊಡಿಸಿದರು. ಬಂಗಲೆಯ ಹಿಂದಿನ ಕುದುರೆಲಾಯವೇ ಇಲಿಮನೆ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಯ ಮೇಲೆ ಸಾಲಾಗಿ ಮರದ ಪೆಟ್ಟಿಗೆಗಳು, ಪೆಟ್ಟಿಗೆಗೆ ತಂತಿಬಲೆಯ ಮುಚ್ಚಳ. ಪೆಟ್ಟಿಗೆಯ ಹೊಟ್ಟು ಬದಲಾಯಿಸುವುದು, ತೌಡು ಮತ್ತು ನೆನೆಸಿದ ಕಡಲೆ ಹಾಕುವುದು, ನೀರು ಇಡುವುದು, ಸತ್ತದ್ದನ್ನು ತೆಗೆಯುವುದು. ಇಷ್ಟೇ ಕೆಲಸ. ಕೆಲಸ ಹೇಗಿದೆ ಎಂದು ಒಮ್ಮೆ ನಾನು ಕೇಳಿದ್ದಕ್ಕೆ, ಇಲಿಗಳು ಎದುರು ಮಾತಾಡುವುದಿಲ್ಲ, ಅದೇ ದೊಡ್ಡದು ಎಂದಿದ್ದರು.

ಅವರಿಗೆ ಒಬ್ಬಳೇ ಮಗಳು, ಆದಿಲಕ್ಷ್ಮಿ. ಆಗ ಅವಳಿಗೆ ಒಂಬತ್ತು ಹತ್ತು ವರ್ಷ. ನನ್ನ ತರಗತಿಯಲ್ಲಿಯೇ ಕುಳಿತುಕೊಳ್ಳುತ್ತಿದ್ದಳು. ಬಾಯಿಪಾಠದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬರೆಯಲು ಕುಳಿತರೆ ಮಾತ್ರ ಬಳಪ ಸ್ಲೇಟಿನ ಮೇಲೆ ನಿಲ್ಲುತ್ತಿರಲಿಲ್ಲ. ಕೈ ಅಕ್ಷರವನ್ನು ದಾಟಿ ಹೋಗಿಬಿಡುತ್ತಿತ್ತು. ನೀರಿನ ಲೋಟಕ್ಕೆ ಕೈ ಚಾಚಿದರೆ ಲೋಟ ಹತ್ತಿರವಾದಷ್ಟೂ ಕೈ ನಡುಗುವುದು ಹೆಚ್ಚುತ್ತಿತ್ತು. ನಡೆಯುವಾಗ ಕಾಲುಗಳನ್ನು ಅಗಲಿಸಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತೂಗಿಕೊಂಡು ಹೋಗುವಳು. ಓಣಿಯಲ್ಲಿ ಗೋಡೆಯನ್ನು ಬಿಟ್ಟು ನಡೆಯುತ್ತಿರಲಿಲ್ಲ. ಒಂದು ದಿನ ಶಾಲೆಯ ಬಾಗಿಲಲ್ಲಿ ಹುಡುಗನೊಬ್ಬ ಅವಳನ್ನು ನೋಡಿ, ಬೆಳಿಗ್ಗೆಯೇ ಹೆಂಡದಂಗಡಿಗೆ ಹೋಗಿ ಬಂದಳು ಎಂದು ನಕ್ಕ.

“ನಿಮ್ಮಪ್ಪ ಅಲ್ಲಿಂದ ಬರೋದನ್ನ ದಿನಾ ನೋಡ್ತೀನಲ್ಲ, ನೋಡೇ ಕಲ್ತೆ ಕಣೋ,” ಎಂದಳು ಆದಿಲಕ್ಷ್ಮಿ.

ಆಮೇಲೆ ಆ ಹುಡುಗ ಅವಳ ತಂಟೆಗೆ ಹೋಗಲಿಲ್ಲ.

ಅವಳು ಹುಟ್ಟಿದಾಗಿನ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಪಿಳ್ಳಮ್ಮನವರಿಗೆ ಅವಳಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿದಿರಲಿಲ್ಲ. ಇವಳೂ ಹುಟ್ಟುವಾಗ ಅಂಗೈಯಷ್ಟೇ ಇದ್ದಳಂತೆ; ಮೊಲೆ ಹಿಡಿಯುತ್ತಿರಲಿಲ್ಲ. ಅಂಥ ಮಗುವನ್ನು ಉಳಿಸಿಕೊಳ್ಳಲು ಅವರ ಕಡೆಯಲ್ಲಿ ಒಂದು ಪದ್ಧತಿಯಿತ್ತು. ಮಗುವನ್ನು ಮಕ್ಕಳು ಉಳಿದಿರುವ ಬೇರೊಬ್ಬ ತಾಯಿಗೆ ಒಂದು ಮೊರ ತೌಡಿಗೆ ಮಾರಿಬಿಡುವುದು. ತೌಡಿನ ಬೆಲೆಯ ಮಗು ಎಂದ ಮೇಲೆ ಕೆಟ್ಟ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲವೆಂದು ನಂಬಿಕೆ. ಮಾರನೆಯ ದಿನ ಮಗು ಹೆತ್ತ ಮನೆಗೇ ಬಂದು ಬೆಳೆಯುತ್ತದೆ. ಆದರೆ ಹೆಸರಿಗೆ ಅದು ಕೊಂಡವರ ಮಗು. ಭಯ ಕಳೆಯಿತೆಂದು ಅನ್ನಿಸಿದ ದಿನ ಹೆತ್ತವಳು ಮೊರದಲ್ಲಿ ತೌಡು ತೆಗೆದುಕೊಂಡು ಹೋಗಿ, ಅದನ್ನು ಕೊಟ್ಟು, ಮಗುವನ್ನು ತನ್ನದಾಗಿ ಹಿಂದಕ್ಕೆ ಪಡೆಯಬೇಕು. ಪಿಳ್ಳಮ್ಮನವರು ಆದಿಲಕ್ಷ್ಮಿಯನ್ನು ಮಾರಿದ್ದು ಪಕ್ಕದ ಮನೆಯ ಶರ್ಫುನ್ನೀಸಾ ಅವರಿಗೆ. ಅವರು ಅಕ್ತರ್ ಸಾಹೇಬರ ಹೆಂಡತಿ, ಗಟ್ಟಿಯಾದ ಮಕ್ಕಳ ತಾಯಿ. ಇದು ತಮ್ಮ ಪದ್ಧತಿಯಲ್ಲವೆಂದು ಅವರು ಮೊದಲು ಹಿಂಜರಿದರೂ ಮಗುವನ್ನು ನೋಡಿ ತೌಡು ಅಳೆದು ಕೊಟ್ಟರು. ಮಗು ಉಳಿಯಿತು. ನಡೆಯುವ ವಯಸ್ಸಿಗೆ ಓಲಾಡಲು ತೊಡಗಿತು. ಅದು ನೆಟ್ಟಗೆ ನಡೆದ ದಿನ ತೌಡು ಕೊಟ್ಟು ಬಿಡಿಸಿಕೊಳ್ಳುತ್ತೇನೆಂದು ಪಿಳ್ಳಮ್ಮನವರು ಅಂದುಕೊಂಡರು. ವರ್ಷಗಳು ಕಳೆದವು. ಆ ದಿನ ಬಂದಿರಲಿಲ್ಲ.

ಇಲಿಮನೆಗೆ ಶ್ರೀರಾಮಪ್ಪ ಎಂಬ ಡಾಕ್ಟರು ಹೊಸದಾಗಿ ಬಂದದ್ದು ಪಿಳ್ಳಮ್ಮನವರು ಕೆಲಸಕ್ಕೆ ಸೇರಿದ ಮಾರನೆಯ ವರ್ಷ. ಹೊಸಕೋಟೆ ಕಡೆಯ ರೈತರ ಮನೆಯವರು, ಮಾತು ಕಡಿಮೆ. ಅವರು ಬರುವುದಕ್ಕೆ ಮುಂಚೆ ಅಲ್ಲಿ ಓಲಾಡುವ ಮರಿಗಳನ್ನು ಎಸೆದುಬಿಡುತ್ತಿದ್ದರು. ಹೆತ್ತ ಗಂಡು ಹೆಣ್ಣು ಇಲಿಗಳು ನೋಡಲು ಚೆನ್ನಾಗಿಯೇ ಇರುತ್ತಿದ್ದವು. ಆದರೆ ಕೆಲವು ಜೋಡಿಗಳಿಗೆ ಹುಟ್ಟಿದ ಮರಿಗಳಲ್ಲಿ ಒಂದೆರಡು, ಕಣ್ಣು ಬಿಟ್ಟು ನಡೆಯಲು ಹೊರಟಾಗ, ಪಕ್ಕಕ್ಕೆ ಬೀಳುತ್ತಿದ್ದವು. ಎದ್ದು ಮತ್ತೆ ಬೀಳುತ್ತಿದ್ದವು. ಔಷಧದ ಪರೀಕ್ಷೆಗೆ ಅವು ಬೇಡ. ಶ್ರೀರಾಮಪ್ಪನವರು ಮಾತ್ರ, ತಮಗೆ ಅವೇ ಬೇಕು ಎಂದರು.

ಒಂದು ರಜೆಯ ದಿನ ಪಿಳ್ಳಮ್ಮನವರು ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು. ಹುಡುಗಿ ಪೆಟ್ಟಿಗೆಯೊಂದರ ಮುಂದೆ ಬಹಳ ಹೊತ್ತು ನಿಂತಿದ್ದಳಂತೆ. ಒಳಗೆ ಒಂದು ಮರಿ ಪೆಟ್ಟಿಗೆಯ ಗೋಡೆಗೆ ಒರಗಿಕೊಂಡು ನಡೆಯುತ್ತಿತ್ತು.

“ಅಮ್ಮ, ಇದು ನನ್ ಥರಾನೇ ನಡೀತದೆ ನೋಡು. ಗೋಡೆ ಬಿಡಲ್ಲ.”

ಬಾಗಿಲಲ್ಲಿದ್ದ ಡಾಕ್ಟರು ಇದನ್ನು ಕೇಳಿದರು. ಹುಡುಗಿಯನ್ನು ಕರೆದು, ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ಮೂಗನ್ನು ಬೆರಳಿನಿಂದ ಮುಟ್ಟಲು ಹೇಳಿದರು. ಬೆರಳು ಕೆನ್ನೆಗೆ ಹೋಯಿತು. ಆಮೇಲೆ ಅವರು ತಾಯಿಗೆ ತಿಳಿಯುವಂತೆ ಹೇಳಿದರು. ತಲೆಯ ಹಿಂಭಾಗದಲ್ಲಿ, ದೊಡ್ಡ ಮಿದುಳಿನ ಕೆಳಗೆ, ಒಂದು ಚಿಕ್ಕ ಮಿದುಳಿದೆ. ಕೈಕಾಲುಗಳನ್ನು ಆಡಿಸುವ ಬಲ ಬೇರೆ ಕಡೆಯಿಂದ ಬಂದರೂ, ಎಷ್ಟು ಚಾಚಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಹದ ಅಲ್ಲಿಂದ ಬರುತ್ತದೆ. ಈ ಮರಿಗಳಲ್ಲಿ ಅದು ಇರಬೇಕಾದಷ್ಟು ದೊಡ್ಡದಾಗಿಲ್ಲ. ಇಲಿಮರಿಗೆ ಅದು ಹುಟ್ಟಿದ ಮೇಲೂ, ಹಾಲು ಕುಡಿಯುವ ದಿನಗಳಲ್ಲಿ, ಬೆಳೆಯುತ್ತಲೇ ಇರುತ್ತದೆ. ತಾಯಿ ತಿನ್ನುವ ಆಹಾರದಲ್ಲಿ ಏನೋ ಕೊರತೆಯಾಗಿ ಅದು ಬೆಳೆಯದೆ ನಿಂತಿರಬಹುದು ಎಂದು ತಮಗೆ ಸಂಶಯ. ಯುದ್ಧ ಬಂದ ಮೇಲೆ ಇಲಿಗಳಿಗೆ ತೌಡು, ಕಡಲೆ ಬಿಟ್ಟರೆ ಹೆಚ್ಚೇನೂ ಸಿಗುತ್ತಿಲ್ಲ. ಆದ್ದರಿಂದ ಓಲಾಡುವ ಮರಿಗಳು ಹುಟ್ಟುವ ಸಾಲಿನ ತಾಯಂದಿರಿಗೆ ಗೋಧಿಮೊಳಕೆಯ ಎಣ್ಣೆಯನ್ನು ತೌಡಿನಲ್ಲಿ ಕಲಸಿ ಕೊಡುವುದು. ಚೆನ್ನಾಗಿರುವ ಸಾಲಿಗೆ ಬರಿಯ ತೌಡು. ಏನಾಗುತ್ತದೆ ನೋಡುವುದು.

ಹೊರಡುವ ಮುಂಚೆ ಅವರು ಇನ್ನೊಂದು ಮಾತು ಹೇಳಿದರು.

“ಮರಿಗಳು ಕಣ್ಣು ಬಿಡೋವರೆಗೆ ನೋಡ್ಕೊಳ್ಳೋದು ನಿನ್ನ ಕೈಲಿದೆ, ಪಿಳ್ಳಮ್ಮ. ಎಣ್ಣೆ ಸಾಲಿನಲ್ಲಿ ಒಂದೂ ಸಾಯಬಾರದು.”

ಪಿಳ್ಳಮ್ಮನವರು ಆ ಮಾತನ್ನು ಹಾಗೆಯೇ ತೆಗೆದುಕೊಂಡರು. ಮರಿಗಳು ಹುಟ್ಟಿದ ಒಂದು ವಾರದ ಹೊತ್ತಿಗೆ ಆ ಸಾಲಿನ ಪ್ರತಿಯೊಂದು ಪೆಟ್ಟಿಗೆಯಲ್ಲಿಯೂ ಯಾವುದೋ ಒಂದು ಮರಿ ಸೊರಗುತ್ತಿತ್ತು. ಉಳಿದವು ಮೊಲೆ ಹಿಡಿದಿದ್ದರೆ ಇದು ಹೊಟ್ಟಿನಲ್ಲಿ ಹಿಂದೆ ಬಿದ್ದಿರುತ್ತಿತ್ತು. ಅದನ್ನು ಉಳಿಸಲು ಅವರಿಗೆ ಗೊತ್ತಿದ್ದ ದಾರಿ ಒಂದೇ. ಚೆನ್ನಾಗಿರುವ ಸಾಲಿನಲ್ಲಿ ಅದೇ ವಯಸ್ಸಿನ ಮರಿಗಳಿರುವ ತಾಯಿಯನ್ನು ಹುಡುಕಿ, ಆ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಿಡಿ ತೌಡು ಹಾಕಿ, ಅದರ ಮೇಲೆ ಈ ಮರಿಯನ್ನು ಇಟ್ಟು, ಅಲ್ಲಿಯ ಹೊಟ್ಟನ್ನು ಮೈಗೆ ಉಜ್ಜಿ ಬಿಡುತ್ತಿದ್ದರು. ಹೆತ್ತ ತಾಯಿಯ ಮಡಿಲು ಬರಿದಾಗಬಾರದೆಂದು ಅಲ್ಲಿಂದ ಒಂದು ಗಟ್ಟಿ ಮರಿಯನ್ನು ತಂದು ಇಲ್ಲಿ ಸೇರಿಸುತ್ತಿದ್ದರು. ಮನುಷ್ಯರಾದರೆ ಮಾರನೆಯ ದಿನ ಮಗುವನ್ನು ಮನೆಗೆ ತಂದುಕೊಳ್ಳಬಹುದು. ಇಲಿಗೆ ಅದನ್ನು ತಿಳಿಸಿ ಹೇಳಲು ಆಗುವುದಿಲ್ಲವಲ್ಲ. ಹಾಲು ಕುಡಿಯುತ್ತಿದೆ, ಇದ್ದುಕೊಳ್ಳಲಿ ಎಂದು ಅಲ್ಲಿಯೇ ಬಿಟ್ಟರು. ಎಲ್ಲವೂ ಬಿಳಿ, ಎಲ್ಲವೂ ಒಂದೇ ಅಳತೆ. ಕಿವಿಗೆ ಗುರುತು ಹಾಕುತ್ತಿದ್ದುದು ಹಾಲು ಬಿಟ್ಟ ಮೇಲೆ. ಬೆರೆತುಹೋದ ಬಳಿಕ ಯಾವುದು ಯಾರದೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಇದನ್ನು ಡಾಕ್ಟರಿಗೆ ಹೇಳಬೇಕೆಂದು ಅವರಿಗೆ ತೋಚಲಿಲ್ಲ. ಹೊಟ್ಟು ಬದಲಾಯಿಸಿದ್ದನ್ನೂ ಅವರು ಹೇಳುತ್ತಿರಲಿಲ್ಲ.

ಎಣ್ಣೆಯ ಸಾಲಿನ ಮರಿಗಳು ಕಣ್ಣು ಬಿಟ್ಟವು, ನೆಟ್ಟಗೆ ನಡೆದವು. ಅದರ ಮುಂದಿನ ಸೂಲಿನಲ್ಲೂ ಹಾಗೆಯೇ. ಎಂದೂ ಓಲಾಡದಿದ್ದ ಸಾಲಿನಲ್ಲಿ, ಬರಿಯ ತೌಡು ತಿಂದ ತಾಯಂದಿರ ಬಳಿ, ಕೆಲವು ಮರಿಗಳು ಬೀಳತೊಡಗಿದವು. ಡಾಕ್ಟರಿಗೆ ತಮ್ಮ ಸಂಶಯ ಎರಡು ಕಡೆಯಿಂದಲೂ ನಿಜವಾದಂತೆ ಕಂಡಿತು. ಅವರು ಗಟ್ಟಿಯಾಗಿ ನಕ್ಕದ್ದನ್ನು ಅಕ್ತರ್ ಸಾಹೇಬರು ಆ ದಿನ ಮೊದಲ ಸಲ ಕೇಳಿದರಂತೆ. ಪಿಳ್ಳಮ್ಮನವರಿಗೆ ಅವರು ಒಂದು ಸಣ್ಣ ಸೀಸೆಯಲ್ಲಿ ಅದೇ ಎಣ್ಣೆಯನ್ನು ಕೊಟ್ಟು, ದಿನಕ್ಕೊಂದು ಚಮಚ ಮಗಳಿಗೆ ಕುಡಿಸಿ ನೋಡುವಂತೆ ಹೇಳಿದರು. ಇಲಿಯಲ್ಲಿ ಆದದ್ದು ಮಗುವಿನಲ್ಲಿ ಆಗುತ್ತದೆಂದು ಮಾತು ಕೊಡಲಾರೆನೆಂದೂ ಹೇಳಿದರು. ಪಿಳ್ಳಮ್ಮನವರು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡರು.

ಅವರು ಅಷ್ಟು ಮಾತಾಡಿದ್ದನ್ನು ನಾನು ಕಂಡದ್ದು ಆ ಕೆಲವು ತಿಂಗಳು ಮಾತ್ರ. ಶಾಲೆಗೆ ಬಂದು, ಅವಳ ಕೈಬರಹ ಏನಾದರೂ ತಿದ್ದಿಕೊಂಡಿದೆಯೇ ಎಂದು ಕೇಳುವರು. ಇಲ್ಲವೆನ್ನಲು ನನಗೆ ಬಾಯಿ ಬರುತ್ತಿರಲಿಲ್ಲ, ಸ್ಲೇಟನ್ನು ತೋರಿಸುತ್ತಿದ್ದೆ. ಅವರು ಅದರಲ್ಲಿ ಏನನ್ನೋ ಕಂಡು ತಲೆಯಾಡಿಸಿ ಹೋಗುತ್ತಿದ್ದರು. ಶರ್ಫುನ್ನೀಸಾ ಅವರ ಬಳಿ, ಈ ವರ್ಷ ನಿನ್ನ ತೌಡು ತೀರಿಸಿಬಿಡುತ್ತೇನೆ ಎಂದದ್ದು ಓಣಿಗೆಲ್ಲ ಕೇಳಿಸಿತ್ತು. ಆದಿಲಕ್ಷ್ಮಿಗೆ ಮಾತ್ರ ಆ ಎಣ್ಣೆ ಬೇಡವಾಗಿತ್ತು. ಮೂಗು ಹಿಡಿದುಕೊಂಡು ಕುಡಿಯುತ್ತಿದ್ದಳು. ಮೂಗು ಹಿಡಿಯಲು ಹೋಗಿ ಬೆರಳು ಕಣ್ಣಿಗೆ ತಗುಲಿ ಇನ್ನಷ್ಟು ಬೈಯುತ್ತಿದ್ದಳು.

ಚಳಿಗಾಲದಲ್ಲಿ ಹುಡುಗಿ ಕೆರೆಯ ಮೆಟ್ಟಿಲಿನಿಂದ ಬಿದ್ದು ಬಲಗೈ ಮುರಿದುಕೊಂಡಳು. ಅಮ್ಮ ನೋಡಲೆಂದು, ಯಾರನ್ನೂ ಏನನ್ನೂ ಹಿಡಿಯದೆ ಇಳಿಯಲು ಹೋಗಿದ್ದಳು. ಬಿದಿರಿನ ದಬ್ಬೆ ಕಟ್ಟಿ ಮನೆಯಲ್ಲಿ ಮಲಗಿಸಿದರು. ಪಿಳ್ಳಮ್ಮನವರು ಕೆಲವು ವಾರ ಕೆಲಸಕ್ಕೆ ಹೋಗಲಿಲ್ಲ. ಅಕ್ತರ್ ಸಾಹೇಬರು ಸೀಸೆ ತೊಳೆಯುವುದರ ಜೊತೆಗೆ ಇಲಿಗಳನ್ನೂ ನೋಡಿಕೊಂಡರು. ಡಾಕ್ಟರು ಅಳೆದು ಕೊಟ್ಟ ಎಣ್ಣೆಯನ್ನು ತೌಡಿನಲ್ಲಿ ಕಲಸಿ, ಹೇಳಿದ ಸಾಲಿಗೆ ಹಾಕಿದರು.

ಪಿಳ್ಳಮ್ಮನವರು ಮತ್ತೆ ಕೆಲಸಕ್ಕೆ ಹೋದ ದಿನ ಇಲಿಮನೆಯಲ್ಲಿ ಡಾಕ್ಟರು ನಿಂತಿದ್ದರು. ಅವರ ಮುಂದೆ ಅಕ್ತರ್ ಸಾಹೇಬರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಎಣ್ಣೆಯ ಸಾಲಿನ ಪೆಟ್ಟಿಗೆಗಳ ಮುಚ್ಚಳ ತೆಗೆದಿತ್ತು. ಕಣ್ಣು ಬಿಟ್ಟ ಮರಿಗಳಲ್ಲಿ, ಪೆಟ್ಟಿಗೆಗೆ ಒಂದೋ ಎರಡೋ, ಪಕ್ಕಕ್ಕೆ ಬೀಳುತ್ತಿದ್ದವು. ಎಣ್ಣೆ ಇಲಿಗಳ ಬಾಯಿಗೆ ಹೋಗಿಲ್ಲ ಎಂದು ಡಾಕ್ಟರು ಕೂಗದೆಯೇ ಹೇಳಿದರು. ಯುದ್ಧಕಾಲದಲ್ಲಿ ಯಾವ ಎಣ್ಣೆಯಾದರೂ ಬ್ಲಾಕ್‌ಪಳ್ಳಿಯ ಸಂತೆಯಲ್ಲಿ ಹೋಗುತ್ತದೆಂದು ತಮಗೂ ಗೊತ್ತಿದೆ ಎಂದರು. ಈಗಿನ ಶಿವಾಜಿನಗರಕ್ಕೆ ಆಗ ಆ ಹೆಸರು.

“ಹಾಕಿದೀನಿ ಸಾಬ್,” ಎಂದರು ಅಕ್ತರ್ ಸಾಹೇಬರು. “ನೀವು ಕೊಟ್ಟಿದ್ದು ಕೊಟ್ಟ ಹಾಗೇ ಹಾಕಿದೀನಿ.”

“ಹಾಕಿದ್ರೆ ಇವು ಯಾಕೆ ಬೀಳ್ತಾವೆ?”

ನಾಳೆಯಿಂದ ಬರಬೇಡವೆಂದು ಹೇಳಿ ಡಾಕ್ಟರು ಒಳಗೆ ಹೋದರು.

ಪಿಳ್ಳಮ್ಮನವರು ತೌಡಿನ ಬಕೆಟ್ಟು ಎತ್ತಿಕೊಂಡು ಎಂದಿನಂತೆ ಮೊದಲ ಪೆಟ್ಟಿಗೆಯಿಂದ ಶುರುಮಾಡಿದರು. ಎಣ್ಣೆಯ ಸಾಲಿನಲ್ಲಿ, ಇನ್ನೂ ಕಣ್ಣು ಬಿಡದ ಮರಿಗಳಿದ್ದ ಒಂದು ಪೆಟ್ಟಿಗೆಗೆ ಬಂದಾಗ, ಹಿಂದೆ ಬಿದ್ದಿದ್ದ ಸೊರಗಿದ ಮರಿಯೊಂದು ಹೊಟ್ಟಿನಲ್ಲಿ ಕಾಣಿಸಿತು. ಕೈ ತಾನಾಗಿ ಅದನ್ನು ಎತ್ತಿತು. ಕಣ್ಣು ಎದುರು ಸಾಲಿನಲ್ಲಿ ತಾಯಿಯನ್ನು ಹುಡುಕಿತು. ಆಗ ಅವರು ಅಲ್ಲಿಯೇ ನಿಂತರು. ಅಕ್ತರಣ್ಣ ಎಣ್ಣೆ ಹಾಕಿದ್ದಾನೆ. ಅವನು ಮಾಡದೆ ಬಿಟ್ಟದ್ದು ಈ ಒಂದೇ ಕೆಲಸ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ತಾನು ಇದ್ದಾಗ ಬೀಳುವ ಮರಿಗಳು ಆ ಸಾಲಿನಲ್ಲಿದ್ದವು. ತಾನು ಇಲ್ಲದಾಗ ಈ ಸಾಲಿನಲ್ಲಿವೆ. ಅವು ಯಾವಾಗಲೂ ಈ ತಾಯಂದಿರ ಮರಿಗಳೇ.

“ಎದೆ ಒಡೆದು ಹೋಯ್ತು ಅಂತಾರಲ್ಲ ಮೇಷ್ಟ್ರೇ, ಹಂಗೇನೂ ಆಗ್ಲಿಲ್ಲ,” ಎಂದು ಅವರು ನನಗೆ ಹೇಳಿದ್ದರು. “ಕೈಲಿ ಮರಿ ಇತ್ತು. ಬಿಸಿಯಾಗಿತ್ತು. ಎಲ್ಲಿಂದ ತೆಗೆದ್ನೋ ಅಲ್ಲೇ ಇಟ್ಟೆ. ಆಮೇಲೆ ಉಳಿದ ಪೆಟ್ಟಿಗೆಗೆಲ್ಲಾ ತೌಡು ಹಾಕ್ದೆ.”

ಆ ದಿನ ಅವರು ಬಾಯಿ ಬಿಡಲಿಲ್ಲ. ಸಂಜೆ ಶರ್ಫುನ್ನೀಸಾ ಅವರು ಎಂದಿನಂತೆ ಹುಡುಗಿಗೆ ಊಟ ತಂದರು. ಬಲಗೈ ಕಟ್ಟಿದ್ದರಿಂದ, ಎಡಗೈ ಇದ್ದೂ ಇಲ್ಲದಂತಾಗಿದ್ದರಿಂದ, ಆ ದಿನಗಳಲ್ಲಿ ಅವರೇ ಅವಳಿಗೆ ತುತ್ತು ಕೊಡುತ್ತಿದ್ದರು. ಗಂಡನ ಕೆಲಸ ಹೋದ ಸುದ್ದಿ ಅವರಿಗೆ ಆಗಲೇ ತಿಳಿದಿತ್ತು. ಪಿಳ್ಳಮ್ಮನವರ ಮುಂದೆ ಅವರು ಅದನ್ನು ಎತ್ತಲಿಲ್ಲ. ಬಾಗಿಲ ಹೊರಗೆ ಬೀಡಿ ಸೇದುತ್ತಿದ್ದ ಅಕ್ತರ್ ಸಾಹೇಬರು ನನ್ನನ್ನು ನೋಡಿ, “ಕೇಳಿದ್ರಾ ಮೇಷ್ಟ್ರೇ, ನಾನು ಎಣ್ಣೆ ಕಳ್ಳ ಅಂತೆ,” ಎಂದರು. “ಆ ನಾತಕ್ಕೆ ಕಳ್ಳನೂ ಹತ್ರ ಬರಲ್ಲ. ನಮ್ ಆದಿಲಕ್ಷ್ಮೀನ ಕೇಳಿ.” ನಗಲು ಹೊರಟು ಅರ್ಧಕ್ಕೇ ಬಿಟ್ಟರು.

ಊಟವಾದ ಮೇಲೆ ಪಿಳ್ಳಮ್ಮನವರು ಎಣ್ಣೆಯ ಸೀಸೆ ತೆಗೆದು ಚಮಚಕ್ಕೆ ಬಗ್ಗಿಸಿ ಮಗಳಿಗೆ ಕುಡಿಸಿದರು. ನಾಳೆ ತಾನು ಮಾತಾಡಿದರೆ ಈ ಚಮಚಕ್ಕೆ ಅರ್ಥವಿಲ್ಲ. ಮಾತಾಡದೆ ಇದ್ದರೆ ಎಣ್ಣೆ ಬರುತ್ತದೆ, ಡಾಕ್ಟರು ನಂಬುತ್ತಾರೆ, ಮಗಳು ನಂಬುತ್ತಾಳೆ. ಪಕ್ಕದ ಮನೆಯಲ್ಲಿ ಮಾತ್ರ ಒಲೆ ಹೊತ್ತುವುದಿಲ್ಲ. ತಾನು ನಂಬುವೆನೇ ಎಂದು ತಮ್ಮನ್ನು ತಾವೇ ಕೇಳಿಕೊಂಡರಂತೆ. ನಂಬುವುದು ಆ ಬೆಳಿಗ್ಗೆಯೇ ಮುಗಿದುಹೋಗಿತ್ತು.

ಮಾರನೆಯ ಬೆಳಿಗ್ಗೆ ಅವರು ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತು ನಡೆದದ್ದನ್ನು ಮೊದಲಿನಿಂದ ಹೇಳಿದರು. ಶ್ರೀರಾಮಪ್ಪನವರು ಕೇಳುತ್ತ ಹೋದರು. ಯಾವ ಪೆಟ್ಟಿಗೆಯಿಂದ ಯಾವ ಪೆಟ್ಟಿಗೆಗೆ ಎಂದು ಕೇಳಿದರು. ನೆನಪಿಲ್ಲವೆಂದರು ಪಿಳ್ಳಮ್ಮನವರು.

“ಯಾಕಮ್ಮ ಹೀಗೆ ಮಾಡಿದೆ?”

“ಒಂದೂ ಸಾಯಬಾರ್ದು ಅಂದ್ರಲ್ಲ ಸ್ವಾಮಿ. ನಮ್ಮಲ್ಲಿ ಉಳಿಸ್ಕೊಳ್ಳೋದು ಹಿಂಗೇ.” ಮತ್ತೆ ಅವರೇ ಕೇಳಿದರು, “ಹಂಗಾದ್ರೆ ಎಣ್ಣೆಯಿಂದ ಏನೂ ಆಗಿಲ್ಲ, ಅಲ್ವಾ?”

“ಆಗಿಲ್ಲ ಅಂತಲೇ ಕಾಣುತ್ತೆ.”

“ಅದು ರಕ್ತದಲ್ಲೇ ಬಂದಿದ್ದು.”

“ಇಲಿಗೆ ಹಾಗೆ. ಆ ಮರಿಗಳ ಚಿಕ್ಕ ಮಿದುಳು ಬೆಳೆದು ಕೆಟ್ಟದ್ದಲ್ಲ. ಬೆಳೆಯೋ ಹೊತ್ತಿನಲ್ಲಿ ಬೆಳೀಲೇ ಇಲ್ಲ. ನಿನ್ನ ಮಗಳದ್ದೂ ಇದೇ ಅಂತ ನಾನು ಹೇಳಲಾರೆ. ಬೇರೆ ಅಂತಲೂ ಹೇಳಲಾರೆ.” ಆಮೇಲೆ ಅವರು, ಎಣ್ಣೆಯಿಂದ ಕೆಡುಕೇನೂ ಇಲ್ಲ, ಬೇಕಾದರೆ ಇನ್ನೂ ಒಂದು ಸೀಸೆ ಕೊಡುತ್ತೇನೆ ಎಂದರು.

ಪಿಳ್ಳಮ್ಮನವರು ಬೇಡವೆಂದರು. ಅಕ್ತರಣ್ಣನಿಗೆ ಏನು ಹೇಳಲಿ ಎಂದು ಕೇಳಿದರು. ಡಾಕ್ಟರು ಎದ್ದು ಕೋಟು ಹಾಕಿಕೊಂಡು, ತಾವೇ ನಮ್ಮ ಓಣಿಗೆ ಬಂದರು. ಅವರು ಅಕ್ತರ್ ಸಾಹೇಬರ ಮನೆಯ ಬಾಗಿಲಲ್ಲಿ ನಿಂತು ಮಾತಾಡಿದ್ದನ್ನು ಓಣಿಯವರೆಲ್ಲ ಕಂಡರು. ಏನು ಮಾತಾಡಿದರೆಂದು ಅಕ್ತರ್ ಸಾಹೇಬರು ಎಂದೂ ಹೇಳಲಿಲ್ಲ. ಸೋಮವಾರ ಟೋಪಿ ಹಾಕಿಕೊಂಡು ಕೆಲಸಕ್ಕೆ ಹೋದರು.

ಆಮೇಲಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಡಾಕ್ಟರು ಪಿಳ್ಳಮ್ಮನವರನ್ನು ಕೆಲಸದಿಂದ ತೆಗೆಯಲಿಲ್ಲ. ಮೊದಲಿನಿಂದ ಮತ್ತೆ ಶುರುಮಾಡಿದರು. ಯುದ್ಧ ಮುಗಿದ ಮೇಲೆ ಬಂಗಲೆಯನ್ನು ಅದರ ಒಡೆಯರು ಬಿಡಿಸಿಕೊಂಡರು, ಪ್ರಯೋಗಶಾಲೆ ಮುಚ್ಚಿತು. ಅಲ್ಲಿಯವರೆಗೂ ಪಿಳ್ಳಮ್ಮನವರು ಹೊಟ್ಟು ಬದಲಾಯಿಸಿದರು, ತೌಡು ಹಾಕಿದರು. ಸೊರಗಿದ ಮರಿಯನ್ನು ಹುಟ್ಟಿದ ಪೆಟ್ಟಿಗೆಯಲ್ಲಿಯೇ ಬಿಡುತ್ತಿದ್ದರು. ಆದಿಲಕ್ಷ್ಮಿ ಬೆಳೆದಳು. ಬರೆಯಲು ಕೊನೆಗೂ ಕಲಿಯಲಿಲ್ಲ. ನಮ್ಮ ಶಾಲೆಯ ಚಿಕ್ಕ ಮಕ್ಕಳಿಗೆ ಮಗ್ಗಿ, ಪದ್ಯ ಬಾಯಿಪಾಠ ಮಾಡಿಸುವ ಕೆಲಸವನ್ನು ನಾನೇ ಅವಳಿಗೆ ಒಪ್ಪಿಸಿದೆ. ಮಕ್ಕಳು ಅವಳಿಗೆ ಹೆದರುತ್ತಿದ್ದಷ್ಟು ನನಗೆ ಹೆದರುತ್ತಿರಲಿಲ್ಲ.

ಆದರೆ ಪಿಳ್ಳಮ್ಮನವರೆಂದರೆ ನನ್ನ ಕಣ್ಣ ಮುಂದೆ ಬರುವುದು ಡಾಕ್ಟರು ಬಂದುಹೋದ ವಾರದ ಒಂದು ಮಧ್ಯಾಹ್ನ. ಶಾಲೆಗೆ ರಜೆಯಿತ್ತು, ನಾನು ಬಾಗಿಲಲ್ಲಿ ಕುಳಿತಿದ್ದೆ. ಪಿಳ್ಳಮ್ಮನವರು ಬಜಾರಿನ ಅಕ್ಕಿಗಿರಣಿಯಿಂದ ತೌಡು ತಂದಿದ್ದರು, ಇಲಿಮನೆಯದಲ್ಲ. ಅದನ್ನು ಮೊರದಲ್ಲಿ ಹಾಕಿ, ಹೊಸಿಲಿನ ಮೇಲೆ ಅಕ್ಕಿ ಆರಿಸುತ್ತಿದ್ದ ಶರ್ಫುನ್ನೀಸಾ ಅವರ ಮುಂದೆ ನಿಂತರು. ಒಳಗೆ ಚಾಪೆಯ ಮೇಲೆ ಆದಿಲಕ್ಷ್ಮಿ ದಬ್ಬೆ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

ಶರ್ಫುನ್ನೀಸಾ ಅವರು ಮೊರವನ್ನು ನೋಡಿದರು, ಹುಡುಗಿಯನ್ನು ನೋಡಿದರು.

“ಇನ್ನೂ ನೆಟ್ಟಗೆ ನಡೀತಿಲ್ವಲ್ಲ ಪಿಳ್ಳಮ್ಮ. ಇಷ್ಟು ಬೇಗ ಯಾಕೆ? ಇರ್ಲಿ ಬಿಡು. ನನ್ ಹೆಸರಲ್ಲೇ ಇರ್ಲಿ.”

“ಇನ್ ನಡಿಯಲ್ಲ ಶರ್ಫೂ. ಹಿಂಗೇ ಇರ್ತಾಳೆ. ತೌಡು ತಗೋ, ನನ್ ಮಗೀನ ಕೊಡು.”

ಒಳಗಿನಿಂದ ಆದಿಲಕ್ಷ್ಮಿ, “ನನ್ನ ಕೇಳ್ದೇನೇ ಮಾರ್ತೀರಿ, ಕೇಳ್ದೇನೇ ಕೊಂಡ್ಕೊಳ್ತೀರಿ. ನಾನೇನು ಕೋಳೀನಾ?” ಎಂದಳು. ಆಮೇಲೆ ಶರ್ಫುನ್ನೀಸಾ ಅವರಿಗೆ, “ಖಾಲಾ, ತೌಡು ಸರಿಯಾಗಿ ಅಳೀರ‍್ರೀ. ನಮ್ಮಮ್ಮ ಮೋಸ ಮಾಡಿಬಿಟ್ಟಾಳು.”

ಶರ್ಫುನ್ನೀಸಾ ಅವರು ಅಕ್ಕಿಯ ತಟ್ಟೆಯನ್ನು ಪಕ್ಕಕ್ಕಿಟ್ಟು, ಕೈ ಒರಸಿಕೊಂಡು, ಮೊರವನ್ನು ಎರಡು ಕೈಯಲ್ಲಿ ತೆಗೆದುಕೊಂಡರು. ಒಳಗೆ ಹೋಗಿ ಹುಡುಗಿಯನ್ನು ಎಬ್ಬಿಸಿ ತಂದು, ಅವಳ ಎಡಗೈಯನ್ನು ಪಿಳ್ಳಮ್ಮನವರ ಕೈಯಲ್ಲಿ ಇಟ್ಟರು. ಬೆಕ್ಕೊಂದು ಬಂದು ಪಿಳ್ಳಮ್ಮನವರ ಸೀರೆಯ ಅಂಚನ್ನು ಮೂಸುತ್ತ ನಿಂತಿತು. ಅವರು ಅದನ್ನು ಓಡಿಸಲಿಲ್ಲ.

ಒಂದೇ ಗೋಡೆಯ ಎರಡು ಮನೆ. ಈ ಬಾಗಿಲಿಗೂ ಆ ಬಾಗಿಲಿಗೂ ದೂರವೇನಿಲ್ಲ. ಆದರೂ ಅವರಿಬ್ಬರೂ ತಲುಪಲು ಹೊತ್ತು ಹಿಡಿಯಿತು. ಮಗಳು ಆ ದಿನ ಗೋಡೆಯ ಕಡೆಗೆ ಇರಲಿಲ್ಲ, ತಾಯಿ ಇದ್ದರು. ಅವಳು ಯಾವ ಕಡೆಗೆ ಓಲಾಡಿದರೂ, ಕೈ ಹಿಡಿದಿದ್ದ ಪಿಳ್ಳಮ್ಮನವರೂ ಅದೇ ಕಡೆಗೆ ಓಲಾಡಿಕೊಂಡು ಹೋದರು.